ಖಾತೆ ಯಾರ ಹೆಸರಲ್ಲಿದೆ, ಸಾವ್ಕಾರ್ರೇ?

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಈಗ ಹೊಸ ಬಗೆಯ ಏಜೆಂಟರ ಓಡಾಟ. ಹಿಂದೆ ವಿಮೆಯವರು ಬರುತ್ತಿದ್ದರು, ಚೀಟಿಯವರು ಬರುತ್ತಿದ್ದರು, ದೀಪಾವಳಿ ಹತ್ತಿರವಾದರೆ ಕ್ಯಾಲೆಂಡರ್ ಅಚ್ಚು ಹಾಕಿಸುವವರು ಬರುತ್ತಿದ್ದರು. ಈಗ ಬರುತ್ತಿರುವವರು ವೆಬ್‌ಸೈಟಿನವರು. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಬಾಯಲ್ಲಿ ಒಂದೇ ಮಾತು: "ಸಾವ್ಕಾರ್ರೇ, ಇಡೀ ಊರೇ ಆನ್‌ಲೈನ್ ಆಗೈತೆ, ನೀವೊಬ್ರು ಉಳ್ಕಂಡೀರಿ."

ಗಲ್ಲಾಪೆಟ್ಟಿಗೆಯ ಮುಂದೆ ಕೂತವರಿಗೆ ಎರಡು ಕಡೆಯಿಂದ ಎರಡು ಸಲಹೆ. ಏಜೆಂಟರು ಹೇಳುವುದು, ಸಿದ್ಧ ಸಾಫ್ಟ್‌ವೇರ್ ಇದೆ, ಚೌಕಟ್ಟು ಅದೇ ಕೊಡುತ್ತದೆ, ಹೆಸರು ಫೋಟೋ ತುಂಬಿದರೆ ಅರ್ಧ ದಿನದಲ್ಲಿ ಅಂಗಡಿ ತಯಾರು ಎಂದು. ಮನೆಯಲ್ಲೇ ಇಂಜಿನಿಯರಿಂಗ್ ಓದುತ್ತಿರುವ ತಮ್ಮನ ಮಗ ಹೇಳುವುದು ಬೇರೆ. "ಅದೆಲ್ಲಾ ದುಡ್ಡು ದಂಡ ದೊಡ್ಡಪ್ಪ, ನಾನೇ ಕೂತು ಕೋಡ್ ಬರ್ದು ಕೊಡ್ತೀನಿ." ಯಾರ ಮಾತು ಕೇಳಬೇಕು?

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಆದರೆ ಇಬ್ಬರೂ ಹೇಳದೆ ಬಿಡುವ ಸಂಗತಿಯೊಂದುಂಟು. ಅದು ತಿಳಿಯಬೇಕಾದರೆ 2024ನೇ ಇಸವಿಯಲ್ಲಿ ನಡೆದದ್ದನ್ನು ನೆನಪು ಮಾಡಿಕೊಳ್ಳಬೇಕು.

ಪುಕ್ಕಟೆ ಮಳಿಗೆ ಬಾಗಿಲು ಹಾಕಿತು

2017ರ ಜನವರಿಯಲ್ಲಿ ಗೂಗಲ್ ಕಂಪನಿಯ ಮುಖ್ಯಸ್ಥ ಸುಂದರ್ ಪಿಚೈ ದೆಹಲಿಗೆ ಬಂದಿದ್ದರು. ಭಾರತದ ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆಯಾಗಿ ವೆಬ್‌ಸೈಟ್ ಕಟ್ಟಿಕೊಳ್ಳುವ ಸೌಲಭ್ಯ ತರುತ್ತೇವೆಂದು ಅಲ್ಲಿ ಸಾರಿದರು. ಒಂದು ಮೊಬೈಲ್ ಫೋನ್ ಇದ್ದರೆ ಸಾಕು, ಕಂಪ್ಯೂಟರೂ ಬೇಡ, ಕಲಿಯುವುದೂ ಬೇಡ ಎಂಬುದು ಅದರ ವಿಶೇಷ. ಅದೇ ವರ್ಷ ಅದು ಜಾರಿಗೂ ಬಂತು. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು, ಫೋನ್ ನಂಬರು, ಬಾಗಿಲು ತೆರೆಯುವ ಹೊತ್ತು, ನಾಲ್ಕು ಫೋಟೋ ಹಾಕಿದವರು ಒಂದೆರಡು ಗುಂಡಿ ಒತ್ತಿದರೆ ವೆಬ್‌ಸೈಟ್ ತಾನಾಗಿ ಎದ್ದು ನಿಲ್ಲುತ್ತಿತ್ತು. ವಿಳಾಸದ ಕೊನೆಗೆ 'ಬಿಸಿನೆಸ್ ಡಾಟ್ ಸೈಟ್' ಎಂಬ ಬಾಲ. ಪುಕ್ಕಟೆ ಎಂದ ಮೇಲೆ ಕೇಳಬೇಕೇ! ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿಗೆ ಹಾಕಿಸಿದವರುಂಟು, ಬೋರ್ಡಿಗೆ ಬರೆಸಿದವರುಂಟು, ಗಿರಾಕಿಗೆ ಕೊಡುವ ಕೈಚೀಲದ ಮೇಲೆ ಅಚ್ಚು ಹಾಕಿಸಿದವರೂ ಉಂಟು.

ಏಳು ವರ್ಷ ತುಂಬಲಿಲ್ಲ. 2024ರ ಮಾರ್ಚಿನಲ್ಲಿ ಗೂಗಲ್ ಆ ವೆಬ್‌ಸೈಟುಗಳನ್ನೆಲ್ಲ ಬಂದ್ ಮಾಡಿತು. ಜೂನ್ 10ರವರೆಗೆ ಮಾತ್ರ, ಹಳೆಯ ವಿಳಾಸ ಒತ್ತಿದವರನ್ನು ಮ್ಯಾಪಿನಲ್ಲಿರುವ ಅಂಗಡಿಯ ವಿವರದ ಕಡೆಗೆ ಕಳಿಸುವ ಏರ್ಪಾಡು ಇತ್ತು. ಆಮೇಲೆ ಅದೂ ಇಲ್ಲ. ಬೇರೆ ಕಡೆ ಕಟ್ಟಿಕೊಳ್ಳಿ ಎಂದು ಕೆಲವು ಕಂಪನಿಗಳ ಹೆಸರನ್ನು ಗೂಗಲ್ಲೇ ಸೂಚಿಸಿತು. ಹೇಳದೆ ಕೇಳದೆ ಮಾಡಿತು ಎನ್ನುವ ಹಾಗಿಲ್ಲ, ಮುಂಚಿತವಾಗಿಯೇ ತಿಳಿಸಿತ್ತು. ಆದರೆ ಇಂಥ ನೋಟೀಸು ಅಂಗಡಿ ಬಾಗಿಲಿಗೆ ಅಂಟಿಸಿ ಹೋಗುವಂಥದ್ದಲ್ಲವಲ್ಲ! ಅಂಗಡಿಯ ಇಮೇಲ್ ತೆರೆದು ದಿನಾ ಓದುವ ಸಾಹುಕಾರರು ಎಷ್ಟು ಮಂದಿ?

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅದೇ ಪುಕ್ಕಟೆ ಸೌಲಭ್ಯವನ್ನು ಬಳಸಿದರೂ, ತಮ್ಮದೇ ಹೆಸರಿನ ವಿಳಾಸ ಕೊಂಡು ಅದಕ್ಕೆ ಜೋಡಿಸಿಕೊಂಡಿದ್ದವರು ಕೆಲವರಿದ್ದರು. ಅವರಿಗೆ ಪುಟ ಹೋಯಿತು, ವಿಳಾಸ ಹೋಗಲಿಲ್ಲ. ಆ ಹೆಸರನ್ನು ಬೇರೆ ಜಾಗಕ್ಕೆ ತಿರುಗಿಸಿಕೊಳ್ಳುವ ಹಕ್ಕು ಅವರ ಕೈಯಲ್ಲೇ ಉಳಿಯಿತು. ಬೋರ್ಡು ಒರೆಸಬೇಕಾಗಲಿಲ್ಲ, ಚೀಲ ಎಸೆಯಬೇಕಾಗಲಿಲ್ಲ.

ಇದು ಮೊದಲ ಸಲವೂ ಅಲ್ಲ. 1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಿಯೋಸಿಟೀಸ್ ಎಂಬ ಪುಕ್ಕಟೆ ಪುಟಗಳ ಬಡಾವಣೆಯನ್ನು 1999ರಲ್ಲಿ ಯಾಹೂ ಕೊಂಡಿತು. 2009ರ ಅಕ್ಟೋಬರಿನಲ್ಲಿ ಬೀಗ ಹಾಕಿತು. ಕಂಪ್ಯೂಟರ್ ಸೆಂಟರುಗಳಲ್ಲಿ ಒಂದು ಕಾಲಕ್ಕೆ ಫೀಸು ತೆಗೆದುಕೊಂಡು ಕಲಿಸುತ್ತಿದ್ದ ಮೈಕ್ರೋಸಾಫ್ಟಿನ ಫ್ರಂಟ್‌ಪೇಜ್ ಕೂಡ 2003ರ ಆವೃತ್ತಿಗೇ ನಿಂತುಹೋಯಿತು.

ಅಚ್ಚುಮನೆಯ ಗುರುತು

ಹಾಗಾದರೆ ತಮ್ಮನ ಮಗ ಹೇಳುವ, ಕೈಯಲ್ಲೇ ಕೋಡ್ ಬರೆಯುವ ಕೆಲಸ ಎಂದರೇನು? ಹೆದರುವಂಥದ್ದೇನಿಲ್ಲ. ಹಳೆಯ ಅಚ್ಚುಮನೆ ಕಂಡವರಿಗೆ ಬೇಗ ಹೊಳೆಯುತ್ತದೆ. ಹಸ್ತಪ್ರತಿಯ ಪಕ್ಕದಲ್ಲಿ 'ಇದು ತಲೆಬರಹ, ಇದು ದಪ್ಪಕ್ಷರ, ಇಲ್ಲಿಂದ ಹೊಸ ಪ್ಯಾರಾ' ಎಂದು ಗುರುತು ಹಾಕಿ ಮೊಳೆ ಜೋಡಿಸುವವರ ಕೈಗೆ ಕೊಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ. ಇಲ್ಲಿ ಮೊಳೆ ಜೋಡಿಸುವ ಕೆಲಸ ಗಿರಾಕಿಯ ಫೋನಿನಲ್ಲಿರುವ ಬ್ರೌಸರಿನದು. ಗುರುತುಗಳ ಆ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಬಣ್ಣ, ಅಳತೆ, ಅಂದಚೆಂದ ಹೇಳುವುದಕ್ಕೆ ಸಿಎಸ್‌ಎಸ್. ಕಂಪ್ಯೂಟರಿನಲ್ಲಿ ಮೊದಲೇ ಇರುವ ನೋಟ್‌ಪ್ಯಾಡ್ ಸಾಕು, ಬೇರೆ ಸಾಮಾನು ಕೊಳ್ಳಬೇಕಿಲ್ಲ.

ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಿಂದ ಟಿಮ್ ಬರ್ನರ್ಸ್ ಲೀ 1991ರಲ್ಲಿ ಲೋಕಕ್ಕೆ ಬಿಟ್ಟ ಮೊದಲ ವೆಬ್‌ಸೈಟ್ ಇಂಥ ಗುರುತುಗಳ ಸರಳ ಪುಟ. 2013ರಲ್ಲಿ ಸರ್ನ್‌ನವರು ಅದನ್ನು ಹಳೆಯ ವಿಳಾಸದಲ್ಲೇ ಮತ್ತೆ ಇಟ್ಟಿದ್ದಾರೆ. ಇವತ್ತಿನ ಫೋನಿನಲ್ಲಿ ಒತ್ತಿದರೂ ತೆರೆಯುತ್ತದೆ, ಓದಲು ಬರುತ್ತದೆ. 1991ರಲ್ಲಿ ಕೊಂಡ ಕ್ಯಾಸೆಟ್ಟು ಇವತ್ತು ಎಷ್ಟು ಮನೆಯಲ್ಲಿ ಹಾಡೀತು?

ಕೈಬರಹದ ಪುಟದ ಇನ್ನೊಂದು ಗುಣ, ಹಗುರ. ಸಂಜೆ ಹರಿಹರಕ್ಕೋ ಚನ್ನಗಿರಿಗೋ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. ಊರು ದಾಟುತ್ತಲೇ ಸಿಗ್ನಲ್ ಎರಡು ಕಡ್ಡಿಗೆ ಇಳಿಯುತ್ತದೆ, ಫೋನಿನಲ್ಲಿ ಚಕ್ರ ತಿರುಗಲು ಶುರು. ಇವತ್ತಿನ ಸಾಧಾರಣ ವೆಬ್‌ಸೈಟಿನ ಮುಖಪುಟವೊಂದು ಎರಡು ಎಂಬಿ ದಾಟುತ್ತದೆ. ಸಿದ್ಧ ಸಾಫ್ಟ್‌ವೇರು ಬೇಕಾದದ್ದು ಬೇಡದ್ದು ಎಲ್ಲವನ್ನೂ ಒಟ್ಟಿಗೆ ಹೊರಿಸುವುದು ಅದಕ್ಕೊಂದು ಕಾರಣ. ದೊಡ್ಡ ದೊಡ್ಡ ಫೋಟೋ ಇನ್ನೊಂದು. ಕನ್ನಡದ ಬರಹಕ್ಕೆ ಎಷ್ಟು ಬೇಕು? ಒಂದು ಸಂಕೇತಕ್ಕೆ ಮೂರು ಬೈಟು. ಸ್ವರಚಿಹ್ನೆ, ಒತ್ತು ಎಲ್ಲ ಸೇರಿ ಎರಡು ಸಾವಿರ ಸಂಕೇತವಾದರೂ ಆರು ಸಾವಿರ ಬೈಟು, ಅಂದರೆ ಆರು ಕೆಬಿ. ಅಂಗಡಿಯ ಪೂರ್ತಿ ವಿವರ ಅಷ್ಟರಲ್ಲಿ ಮುಗಿಯುತ್ತದೆ. ಫೋಟೋಗಳನ್ನು ಕುಗ್ಗಿಸಿ ಹಾಕಿದರೆ ಬಸ್ಸು ಮುಂದಿನ ಸ್ಟಾಪು ಮುಟ್ಟುವ ಮೊದಲೇ ಪುಟ ತೆರೆದಿರುತ್ತದೆ.

ಹಾಗೆಂದು ಹುಡುಗರು ಬರೆದದ್ದೆಲ್ಲ ಚೊಕ್ಕವಾಗಿರುತ್ತದೆ ಎಂದಲ್ಲ. ಫೋನಿನ ಅಗಲಕ್ಕೆ ಹೊಂದಿಕೋ ಎಂದು ಹೇಳುವ ಒಂದು ಸಾಲನ್ನು ಮರೆತರೆ ಸಾಕು, ಅಕ್ಷರವೆಲ್ಲ ಇರುವೆ ಸಾಲಾಗಿ ಕಾಣುತ್ತದೆ. ಗಿರಾಕಿ ಎರಡು ಬೆರಳಲ್ಲಿ ಎಳೆದೆಳೆದು ಸಾಕಾಗಿ ಬಿಟ್ಟುಹೋಗುತ್ತಾನೆ. ಭದ್ರತೆಯ ಸರ್ಟಿಫಿಕೇಟ್ ಹಾಕದಿದ್ದರೆ 2018ರ ಜುಲೈನಿಂದ ಗೂಗಲ್ ಕ್ರೋಮ್ 'ಇದು ಸುರಕ್ಷಿತವಲ್ಲ' ಎಂದು ವಿಳಾಸದ ಪಕ್ಕದಲ್ಲೇ ತೋರಿಸುತ್ತದೆ. ಅಂಗಡಿಯ ಹೆಸರಿನ ಪಕ್ಕ ಅಂಥ ಮಾತು ಬಂದರೆ ಯಾರು ಕಾಸು ಬಿಚ್ಚುತ್ತಾರೆ? ಆ ಸರ್ಟಿಫಿಕೇಟು ಈಗ ಪುಕ್ಕಟೆಯಾಗಿಯೇ ಸಿಗುತ್ತದೆ, ಹಾಕುವ ವ್ಯವಧಾನ ಬೇಕು ಅಷ್ಟೇ. ಸಿದ್ಧ ಸಾಫ್ಟ್‌ವೇರುಗಳು ಇವೆರಡನ್ನೂ ಸಾಮಾನ್ಯವಾಗಿ ತಾವಾಗಿ ಮಾಡಿಬಿಡುತ್ತವೆ. ಅಲ್ಲಿ ಏಜೆಂಟರ ಮಾತಿಗೆ ತೂಕವಿದೆ.

ಕನ್ನಡದ ವೇಷ

ಕನ್ನಡದಲ್ಲಿ ವೆಬ್‌ಸೈಟ್ ಬೇಕು ಎನ್ನುವ ಅಂಗಡಿಯವರು ಎರಡು ಹಾದಿಯಲ್ಲೂ ಎಡವುವ ಜಾಗ ಒಂದಿದೆ. ವಿವರಗಳನ್ನು ಟೈಪು ಮಾಡಿಸಲು ಅವರು ಹೋಗುವುದು ಪರಿಚಯದ ಡಿಟಿಪಿ ಅಂಗಡಿಗೆ. ಅಲ್ಲಿ ಪಾಂಪ್ಲೆಟ್ಟು, ಮದುವೆ ಕರೆಯೋಲೆಗಳಿಗೆ ಬಳಸುವ ಹಳೆಯ ಪದ್ಧತಿಯ ಫಾಂಟಿನಲ್ಲೇ ಹೊಡೆದು ಕೊಡುತ್ತಾರೆ. ಆ ಪದ್ಧತಿಯಲ್ಲಿ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟು ಇರುವ ಕಡೆ ಸೊಗಸು. ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. ಗಿರಾಕಿಯ ಫೋನಿನಲ್ಲಿ 'ಶುದ್ಧ ತುಪ್ಪದ ಸಿಹಿ' ಎಂದು ಬರಬೇಕಾದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಗೀಚು. ಗೂಗಲ್ಲಿನಲ್ಲಿ ಕನ್ನಡದಲ್ಲೇ ಹುಡುಕಿದರೂ ಆ ಅಂಗಡಿ ಸಿಗುವುದಿಲ್ಲ, ಯಾಕೆಂದರೆ ಒಳಗೆ ಕನ್ನಡವೇ ಇಲ್ಲ.

ಇದಕ್ಕೆ ಮದ್ದು ಯೂನಿಕೋಡ್. ಲೋಕದ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ನಂಬರು ಕೊಟ್ಟಿರುವ ಪದ್ಧತಿ. ಕನ್ನಡಕ್ಕೆ ಅದರಲ್ಲಿ 1991ರಿಂದಲೂ ಜಾಗವಿದೆ. ಫೋನಿನಲ್ಲಿ ವಾಟ್ಸಾಪ್ ಮಾಡುವಾಗ ಹೊಡೆಯುವ ಕನ್ನಡವೆಲ್ಲ ಅದೇ. ನುಡಿ, ಬರಹ ತಂತ್ರಾಂಶಗಳಲ್ಲೂ ಯೂನಿಕೋಡಿನಲ್ಲಿ ಹೊಡೆಯಲು ಬರುತ್ತದೆ, ಬದಲಾಯಿಸಿಕೊಳ್ಳಲೂ ಬರುತ್ತದೆ. "ಯೂನಿಕೋಡ್‌ನಾಗೇ ಹೊಡ್ದು ಕೊಡ್ರಿ" ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಹೇಳದೆ ಹೋದರೆ ಎಷ್ಟು ದುಬಾರಿ ಸಾಫ್ಟ್‌ವೇರ್ ತಂದರೂ, ಎಷ್ಟು ಜಾಣ ಹುಡುಗ ಬರೆದರೂ ಫಲ ಒಂದೇ. ಪಾಂಪ್ಲೆಟ್ಟನ್ನೇ ಫೋಟೋ ತೆಗೆದು ಅಂಟಿಸುವವರೂ ಉಂಟು. ನೋಡಲು ಕನ್ನಡವೇ, ಆದರೆ ಚಿತ್ರದೊಳಗಿನ ಅಕ್ಷರವನ್ನು ಹುಡುಕುವ ಯಂತ್ರ ಅಷ್ಟು ಸುಲಭಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದಿನಾ ಬದಲಾಗುವ ಸರಕಿಗೆ

ಮಂಡಕ್ಕಿ ಭಟ್ಟಿಯವರನ್ನು ತೆಗೆದುಕೊಳ್ಳಿ. ಅವರ ಸರಕು ಒಂದೇ, ಜಾಗ ಒಂದೇ, ಫೋನ್ ನಂಬರು ವರ್ಷಗಟ್ಟಲೆ ಅದೇ. ಎಲ್ಲಿದ್ದಾರೆ, ಎಷ್ಟು ಮೂಟೆ ಒದಗಿಸಬಲ್ಲರು, ಯಾವ ಊರಿಗೆ ಲಾರಿ ಹೋಗುತ್ತದೆ ಎಂದು ಮೂರು ಪುಟ ಬರೆದಿಟ್ಟರೆ ಮುಂದಿನ ಐದು ವರ್ಷ ಮುಟ್ಟಬೇಕಾಗಿಲ್ಲ. ಅಂಥವರಿಗೆ ಕೈಬರಹದ ಪುಟವೇ ಸೈ. ಅದಕ್ಕೆಂದು ತಿಂಗಳು ತಿಂಗಳು ಬಾಡಿಗೆ ಕಟ್ಟುವುದು, ಸೈಕಲ್ ನಿಲ್ಲಿಸಲು ಗೋಡೌನ್ ಹಿಡಿದ ಹಾಗೆ.

ಬಟ್ಟೆ ಅಂಗಡಿಯವರ ಕತೆ ಬೇರೆ. ಇವತ್ತು ಬಂದ ಸೀರೆ ನಾಳೆ ಇಲ್ಲ. ದರ ಬದಲು, ಬಣ್ಣ ಬದಲು, ಹಬ್ಬಕ್ಕೆ ರಿಯಾಯಿತಿ. ಒಂದೊಂದು ಸಲಕ್ಕೂ ತಮ್ಮನ ಮಗನನ್ನು ಕರೆದು ಕೋಡ್ ತಿದ್ದಿಸುತ್ತ ಕೂತರೆ ವ್ಯಾಪಾರ ಮಾಡುವವರಾರು? ಹಣ ಆನ್‌ಲೈನಿನಲ್ಲೇ ಪಡೆಯುವುದಾದರಂತೂ ಸಂಗತಿ ಇನ್ನೂ ಸೂಕ್ಷ್ಮ. ಗಿರಾಕಿಯ ದುಡ್ಡು, ವಿಳಾಸ, ಫೋನ್ ನಂಬರು ಕೈಗೆ ಬರುವ ಕೆಲಸವನ್ನು ಕಾಲೇಜು ಹುಡುಗನೊಬ್ಬ ರಾತ್ರಿ ಕೂತು ಬರೆದ ಲೆಕ್ಕಕ್ಕೆ ಬಿಡುವುದು ಸರಿಯಲ್ಲ. ಅದಕ್ಕೆ ಪಳಗಿದ ಸಾಫ್ಟ್‌ವೇರೇ ಬೇಕು.

ಆದರೆ ಸಾಫ್ಟ್‌ವೇರುಗಳಲ್ಲೂ ಎರಡು ಜಾತಿ. ಏಜೆಂಟರು ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಮಾರುತ್ತಾರೆ.

2003ರಲ್ಲಿ ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ ಶುರು ಮಾಡಿದ ವರ್ಡ್‌ಪ್ರೆಸ್ ಒಂದು ಜಾತಿಯದು. ತಂತ್ರಾಂಶ ಪುಕ್ಕಟೆ, ಯಾರು ಬೇಕಾದರೂ ತಮ್ಮದೇ ಜಾಗದಲ್ಲಿ ಹಾಕಿಕೊಳ್ಳಬಹುದು. ಲೋಕದ ವೆಬ್‌ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಇದರ ಮೇಲೆಯೇ ನಿಂತಿವೆ ಎಂದರೆ ಅದರ ಹರವು ತಿಳಿದೀತು. ಜಾಗ ಬಾಡಿಗೆ ಕೊಟ್ಟ ಕಂಪನಿಯೊಡನೆ ಜಗಳವಾದರೆ ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಬಹುದು. ಇದರ ಕಷ್ಟವೇನೆಂದರೆ, ತೋಟದ ಹಾಗೆ ನೋಡಿಕೊಳ್ಳುತ್ತಲೇ ಇರಬೇಕು. ಇದಕ್ಕೆ ಸೇರಿಸಿಕೊಳ್ಳುವ ಬಿಡಿಭಾಗಗಳಿಗೆ ಪ್ಲಗಿನ್ ಎನ್ನುತ್ತಾರೆ. ಅವನ್ನು ಆಗಾಗ ಹೊಸ ಆವೃತ್ತಿಗೆ ಏರಿಸದೆ ಬಿಟ್ಟರೆ ಕಳ್ಳರಿಗೆ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ. ಒಂದು ಬೆಳಗ್ಗೆ ಅಂಗಡಿಯ ಹೆಸರಿನ ಕೆಳಗೆ ಪರದೇಶದ ಜೂಜಿನ ಜಾಹೀರಾತು ಬಂದು ಕೂತಿರುತ್ತದೆ. ಕಟ್ಟಿಕೊಟ್ಟ ಏಜೆಂಟರು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಇನ್ನೊಂದು ಜಾತಿ, 2006ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ವಿಕ್ಸ್‌ನಂಥದ್ದು. ಜಾಗವೂ ಅವರದೇ, ಸಾಫ್ಟ್‌ವೇರೂ ಅವರದೇ, ರಿಪೇರಿಯೂ ಅವರದೇ. ತಲೆನೋವು ಕಡಿಮೆ, ನೋಡಲೂ ಚೆಂದ. ಬಾಡಿಗೆ ಕಟ್ಟುತ್ತಿರಬೇಕು. ಅಲ್ಲಿ ಕಟ್ಟಿದ್ದನ್ನು ಹೊತ್ತೊಯ್ದು ಬೇರೆ ಕಂಪನಿಯ ಜಾಗದಲ್ಲಿ ನಡೆಸಲು ಬರುವುದಿಲ್ಲ ಎಂದು ಆ ಕಂಪನಿಯೇ ಹೇಳುತ್ತದೆ. ಮುಚ್ಚುಮರೆಯೇನಿಲ್ಲ, ಕೇಳುವವರು ಇಲ್ಲ ಅಷ್ಟೇ. ಪಾಲಿಕೆ ಮಳಿಗೆ ಹಿಡಿದು ಒಳಗೆ ಲಕ್ಷ ಸುರಿದು ಶೋಕೇಸು ಮಾಡಿಸಿದವರಿಗೆ ಈ ನೋವು ಹೊಸದಲ್ಲ. ಬಿಡುವಾಗ ಗೋಡೆಗೆ ಹೊಡೆದದ್ದು ಗೋಡೆಗೇ.

ಹುಡುಗ ಬೆಂಗಳೂರಿಗೆ ಹೋದ ಮೇಲೆ

ಈಗ ಆ ಹೇಳದೆ ಬಿಟ್ಟ ಸಂಗತಿಗೆ ಬರಬಹುದು. ಸೈಟು ಕೊಂಡವರು ನೋಂದಣಿ ಕಚೇರಿಗೆ ಹೋಗಿ, ಪಾಲಿಕೆಯಲ್ಲಿ ಖಾತೆ ಬದಲಾಯಿಸಿಕೊಂಡು, ಕಾಗದಕ್ಕೆ ಸೀಲು ಬೀಳುವವರೆಗೆ ನಿದ್ದೆ ಮಾಡುವುದಿಲ್ಲ. ಅದೇ ಸಾಹುಕಾರರು ವೆಬ್‌ಸೈಟಿನ ಹೆಸರಿನ ವಿಷಯಕ್ಕೆ ಬಂದರೆ "ಹುಡುಗ್ರು ನೋಡ್ಕಂಡಾರೆ" ಎಂದು ಕೈ ಬೀಸುತ್ತಾರೆ. ಆ ಹೆಸರಿಗೂ ಖಾತೆ ಇದೆ. ಯಾರ ಹೆಸರಲ್ಲಿ, ಯಾರ ಇಮೇಲಿನಲ್ಲಿ, ಯಾರ ಫೋನ್ ನಂಬರಿನಲ್ಲಿ ಕೊಂಡಿದೆಯೋ ಅವರೇ ಅದರ ಯಜಮಾನರು. ಡಾಟ್ ಇನ್ ಎಂಬ ಬಾಲದ ಹೆಸರು 2005ರಿಂದ ಯಾರು ಬೇಕಾದರೂ ಕೊಳ್ಳುವಂತಾಗಿದೆ. ಖರ್ಚು ಹೆಚ್ಚಿನದಲ್ಲ, ವರ್ಷಕ್ಕೆ ಸಾವಿರ ರೂಪಾಯಿಯ ಆಚೀಚೆ. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷದಿಂದ ಪೂರ್ತಿ ದರ ಹಾಕುವ ಚಾಳಿ ಎಲ್ಲ ಕಡೆ ಇದೆ, ಅದನ್ನು ಮೊದಲೇ ಕೇಳಿಕೊಂಡರೆ ವಾಸಿ.

ಏಜೆಂಟರು ಸಾಮಾನ್ಯವಾಗಿ ಮಾಡುವುದೇನು? ಹತ್ತಾರು ಅಂಗಡಿಗಳ ಹೆಸರನ್ನು ತಮ್ಮದೊಂದೇ ಲೆಕ್ಕದಲ್ಲಿ ಕೊಂಡಿಟ್ಟುಕೊಳ್ಳುತ್ತಾರೆ. ಅದರಲ್ಲಿ ಮೋಸವೇ ಇರಬೇಕೆಂದಿಲ್ಲ, ಅವರಿಗೆ ಅನುಕೂಲ. ಆದರೆ ಮುಂದೊಂದು ದಿನ ಅವರು ದಂಧೆ ಬಿಟ್ಟರೆ, ದರ ಏರಿಸಿದರೆ, ಮನಸ್ತಾಪವಾದರೆ ಅಂಗಡಿಯ ಹೆಸರು ಅವರ ಜೇಬಿನಲ್ಲಿ. ತಮ್ಮನ ಮಗನ ವಿಷಯದಲ್ಲೂ ಅಷ್ಟೇ. ಓದು ಮುಗಿಯುತ್ತದೆ, ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಕಾಲೇಜಿನಲ್ಲಿದ್ದಾಗ ಬಳಸುತ್ತಿದ್ದ ಇಮೇಲನ್ನು ಅವನು ತೆರೆಯುವುದೇ ಇಲ್ಲ. ವರ್ಷದ ಹಣ ಕಟ್ಟಿ ಎಂಬ ನೋಟೀಸು ಬರುವುದು ಅಲ್ಲಿಗೆ. ಕಟ್ಟದೆ ಬಿಟ್ಟರೆ ಕೆಲವು ದಿನ ಕಾಯುತ್ತಾರೆ, ಆಮೇಲೆ ಹೆಸರು ಸಂತೆಗೆ. ಬೇರೆ ಯಾರೋ ಕೊಂಡುಕೊಂಡರೆ ಕೇಳುವ ಹಾಗಿಲ್ಲ. ಹಳೆಯ ಗಿರಾಕಿ ಅದೇ ವಿಳಾಸ ಒತ್ತುತ್ತಾನೆ, ತೆರೆಯುವುದು ಇನ್ನಾರದೋ ಅಂಗಡಿ.

ಕೋಡ್ ಬರೆದ ಹುಡುಗ ಹೋದ ಮೇಲೆ ತಿದ್ದುವವರಾರು ಎಂಬುದು ಕೈಬರಹದ ಮೇಲೆ ಬಹಳ ದಿನದಿಂದ ಇದ್ದ ದೂರು. ಆ ದೂರಿನ ಬಲ ಈಚೆಗೆ ಸ್ವಲ್ಪ ತಗ್ಗಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಹಳೆಯ ಪುಟವನ್ನು ಅಂಥ ಯಂತ್ರದ ಮುಂದಿಟ್ಟು "ಫೋನ್ ನಂಬರು ಬದಲಾಯಿಸು, ಭಾನುವಾರ ರಜೆ ಅಂತ ಸೇರಿಸು" ಎಂದರೆ ಕೋಡ್ ತಿದ್ದಿ ಕೊಡುತ್ತದೆ. ಮೂರು ಪುಟದ ಸರಳ ವೆಬ್‌ಸೈಟಿಗೆ ಇದು ಧಾರಾಳ ಸಾಕು. ತಪ್ಪೂ ಮಾಡುತ್ತದೆ; ದರ, ನಂಬರುಗಳನ್ನು ಕಣ್ಣಿಟ್ಟು ನೋಡದೆ ಹಾಕುವಂತಿಲ್ಲ. ಹಣ ತೆಗೆದುಕೊಳ್ಳುವ ಅಂಗಡಿಯನ್ನು ಇದರ ಕೈಗೆ ಕೊಟ್ಟು ಕೂರುವ ಧೈರ್ಯ ಮಾತ್ರ ಬೇಡ.

"ಇಷ್ಟೆಲ್ಲಾ ಯಾಕ್ರೀ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ರೆ ಆತು" ಎನ್ನುವವರೂ ಪೇಟೆಯಲ್ಲಿ ಕಡಿಮೆಯಿಲ್ಲ. ತಪ್ಪೇನಿಲ್ಲ. ನಂಬರು ಗೊತ್ತಿರುವ ಗಿರಾಕಿಗೆ ಅದು ಸಾಕು. ರಾಣೆಬೆನ್ನೂರಿನಿಂದಲೋ ಚಿತ್ರದುರ್ಗದಿಂದಲೋ ಮೊದಲ ಸಲ ಹುಡುಕಿಕೊಂಡು ಬರುವವರಿಗೆ ಸ್ಟೇಟಸ್ ಕಾಣಿಸುವುದಿಲ್ಲ.

ಒಪ್ಪಂದಕ್ಕೆ ಕೈ ಹಾಕುವ ಮೊದಲು, ಸಾಫ್ಟ್‌ವೇರೋ ಕೈಬರಹವೋ ಎಂಬ ಚರ್ಚೆ ಬದಿಗಿಟ್ಟು, ಸಾಹುಕಾರರು ಒಂದು ಪರೀಕ್ಷೆ ಮಾಡಬಹುದು. ಹೆಸರು ಕೊಂಡ ಜಾಗಕ್ಕೆ ತಮ್ಮ ಎದುರೇ, ತಮ್ಮದೇ ಫೋನಿನಿಂದ ಲಾಗಿನ್ ಆಗಿ ತೋರಿಸಲು ಹೇಳಬೇಕು. ಯಜಮಾನರ ಹೆಸರಿನ ಜಾಗದಲ್ಲಿ ಏನು ಬರೆದಿದೆ, ಒಟಿಪಿ ಯಾರ ನಂಬರಿಗೆ ಬಂತು, ನೋಡಬೇಕು. ಪಾಸ್‌ವರ್ಡನ್ನು ಬದಲಾಯಿಸಿ, ಮುಂದಿನ ಹಣ ಕಟ್ಟುವ ತಾರೀಖಿನ ಜೊತೆಗೆ ಅಂಗಡಿಯ ದಸ್ತಾವೇಜಿನ ಪೆಟ್ಟಿಗೆಯಲ್ಲೇ ಬರೆದಿಟ್ಟುಕೊಳ್ಳಬೇಕು. "ಒಟಿಪಿ ನಮ್ಮ ಆಫೀಸ್ ನಂಬರಿಗೆ ಬರ್ತೈತೆ ಸಾವ್ಕಾರ್ರೇ, ಅದೇನು ದೊಡ್ಡ ವಿಷಯ ಅಲ್ಲ ಬಿಡ್ರಿ" ಎಂದು ಏಜೆಂಟರು ನಕ್ಕರೆ, ಬಾಕಿ ದುಡ್ಡು ಗಲ್ಲಾದಲ್ಲೇ ಇರಲಿ.